ಅಭಿಜ್ಞಾನವೂ ಆಸ್ವಾದವೂ: ಧಾರವಾಡ ಸೀಮೆಯ ಗಾನಮುದ್ರಿಕೆಗಳನ್ನು ಕುರಿತ ಒಂದು ವಿಮರ್ಶೆ

೧

ಕಾವ್ಯಕ್ಕೆ ಲಿಪಿಯುಂಟು, ಶಿಲ್ಪಕ್ಕೆ ಶಿಲೆಯುಂಟು, ಗಾನಕ್ಕೆ ಮಾತ್ರ ಕಾಲವನ್ನು ಎದುರಿಸಿ ನಿಲ್ಲುವ ನೆಲೆ ಬಹುಕಾಲ ಇರಲಿಲ್ಲ. ಹುಟ್ಟಿದ ಕ್ಷಣದಲ್ಲಿಯೇ ಲಯಹೊಂದುವ ಶಬ್ದವನ್ನು ಉಪಾದಾನವಾಗಿ ಪಡೆದ ಈ ಕಲೆಯು ಶಿಷ್ಯನ ಕಂಠವೊಂದನ್ನು ಬಿಟ್ಟರೆ ಬೇರೆ ಭಂಡಾರವನ್ನು ಅರಿಯದೆ ಶತಮಾನಗಳನ್ನು ಕಳೆಯಿತು. ೧೮೭೭ರಲ್ಲಿ ಎಡಿಸನ್ನನು ಶಬ್ದವನ್ನು ಕೊರೆದಿಡುವ ಯಂತ್ರವನ್ನು ನಿರ್ಮಿಸಿದನು. ಅದಾದ ಹತ್ತು ವರ್ಷಕ್ಕೆ ಬರ್ಲಿನರನು ಚಪ್ಪಟೆಯ ತಟ್ಟೆಯನ್ನು ನುಡಿಸುವ ಗ್ರಾಮಫೋನನ್ನು ರೂಪಿಸಿದನು. ೧೯೦೨ನೆಯ ನವೆಂಬರ್ ತಿಂಗಳಿನಲ್ಲಿ ಗೈಸ್‌ಬರ್ಗನೆಂಬ ಮುದ್ರಕನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾನವನ್ನು ತಟ್ಟೆಗಿಳಿಸಿದನು. ಅಂದಿನಿಂದ ಈ ದೇಶದ ರಸಿಕನ ಕೈಗೆ ಎರಡು ವಸ್ತುಗಳು ಏಕಕಾಲದಲ್ಲಿ ಬಂದುವು: ಒಂದು, ಹಾಡು, ಮತ್ತೊಂದು, ಹಾಡಿದವರ ಕುರುಹು. ಇವೆರಡೂ ಒಂದೇ ತಟ್ಟೆಯಲ್ಲಿ ಅಡಗಿರುವುದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸುವುದು ಸುಲಭವಾಯಿತು. ಈ ಭ್ರಮೆಯ ಸ್ವರೂಪವನ್ನೂ ಅದರಿಂದ ಸಂಗೀತವಿಮರ್ಶೆಗೆ ಒದಗಿರುವ ಹಾನಿಯನ್ನೂ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪರಿಶೀಲನೆಗೆ ಧಾರವಾಡ ಸೀಮೆಗಿಂತ ಯೋಗ್ಯವಾದ ಕ್ಷೇತ್ರವು ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ೧೯೯೭ರಲ್ಲಿ ಧಾರವಾಡ, ಗದಗ, ಹಾವೇರಿ ಎಂದು ವಿಭಾಗಗೊಂಡ ಈ ಸೀಮೆಯು ಹಿಂದೂಸ್ಥಾನೀ ಪದ್ಧತಿಯ ಗಾಯಕರನ್ನು ಪರಂಪರೆಯಾಗಿ ಪಡೆದಿದೆ. ಕುಂದಗೋಳವು ಸವಾಯಿ ಗಂಧರ್ವರ ಊರು. ಗದಗು ವೀರೇಶ್ವರ ಪುಣ್ಯಾಶ್ರಮದ ಕ್ಷೇತ್ರ. ಆ ಆಶ್ರಮವನ್ನು ಬೆಳಗಿಸಿದ ಪಂಚಾಕ್ಷರಿ ಗವಾಯಿಗಳು ೧೮೯೨ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿಯೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ೧೯೧೪ರಲ್ಲಿ ಹಾವೇರಿಯ ಬಳಿಯ ದೇವಗಿರಿಯಲ್ಲಿಯೂ ಜನಿಸಿದರು. ಗಂಗೂಬಾಯಿಯವರು ಹುಟ್ಟಿದ್ದು ಧಾರವಾಡದಲ್ಲಾದರೂ ಅವರ ಮನೆತನದ ಹೆಸರು ಹಾನಗಲ್ಲಿನದು. ಬೈಠಕ್ಕಿಗೆ ಕುಂದಗೋಳ, ಹುಬ್ಬಳ್ಳಿ, ಧಾರವಾಡಗಳು ನೆಲೆಯಾಗಿದ್ದುವು. ರಾಣೆಬೆನ್ನೂರಿನ ಆಚೆಗಿನ ಮೇಡ್ಲೇರಿಯಂತಹ ಊರಿನ ಕೃಷಿಕನಿಗೆ ನಾಡಿಗೇರರ ವಾಡೆಯಲ್ಲಿ ರಾತ್ರಿಯಿಡೀ ನಡೆಯುವ ಗಾನವನ್ನು ಕೇಳಲು ಪ್ರಯಾಣದ ಶ್ರಮ, ಪರಿಚಯದ ಅಪೇಕ್ಷೆ, ಬಿಡುವು ಎಂಬ ಮೂರೂ ಅಡ್ಡವಾಗಿರುವಲ್ಲಿ, ಗ್ರಾಮಫೋನಿನ ಪ್ಲೇಟು ಯಾರ ಅಪ್ಪಣೆಯನ್ನೂ ಕೇಳದೆ ಆ ಗಾನದ ಒಂದು ತುಣುಕನ್ನು ಊರಿನೊಳಕ್ಕೆ ತರಬಲ್ಲುದಾಗಿತ್ತು. ಆದುದರಿಂದ ಪ್ಲೇಟಿನ ವಿಚಾರವು ಕೇವಲ ಶ್ರೀಮಂತರ ವಿನೋದದ ವಿಚಾರವಲ್ಲ. ಯಾರು ರಸಿಕರಾಗಬಹುದೆಂಬ ಅಧಿಕಾರಿನಿರ್ಣಯದ ವಿಚಾರವೂ ಹೌದು.

೨

ಕುರುಹಿನ ವಿಚಾರವು ಸಂಸ್ಕೃತ ಸಾಹಿತ್ಯಕ್ಕೆ ಹೊಸತಲ್ಲ. ಕಾಳಿದಾಸನ ಶ್ರೇಷ್ಠ ನಾಟಕವು ಉಂಗುರವೊಂದರ ಮೇಲೆ ನಿಂತಿದೆ. ಅದರ ಹೆಸರಿನಲ್ಲಿಯೇ ಅಭಿಜ್ಞಾನಶಬ್ದವಿದೆ. ರಾಮಾಯಣದಲ್ಲಿ ಉಂಗುರವು ರಾಮನಿಂದ ಸೀತೆಗೂ ಚೂಡಾಮಣಿಯು ಸೀತೆಯಿಂದ ರಾಮನಿಗೂ ಸಲ್ಲುತ್ತವೆ. ಸಂಗೀತಕ್ಕೆ ಇನ್ನೂ ಸಮೀಪವಾದ ನಿದರ್ಶನವು ಭಾಸನ ಸ್ವಪ್ನವಾಸವದತ್ತದಲ್ಲಿ ದೊರೆಯುತ್ತದೆ. ವಾಸವದತ್ತೆಯನ್ನು ಕಳೆದುಕೊಂಡೆನೆಂದು ನಂಬಿರುವ ಉದಯನನಿಗೆ ನರ್ಮದೆಯ ತೀರದ ಪೊದೆಯಲ್ಲಿ ದೊರೆತ ಘೋಷವತಿಯೆಂಬ ವೀಣೆಯು ಮರಳಿ ಬರುತ್ತದೆ. ಆಕೆ ನುಡಿಸುತ್ತಿದ್ದ ವೀಣೆಯದು. ಅದನ್ನು ಕಂಡೊಡನೆಯೇ ಅವನ ಶೋಕವು ಉಕ್ಕುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಆ ಸಂದರ್ಭದಲ್ಲಿ ವೀಣೆಯು ನುಡಿಯುವುದಿಲ್ಲ. ನುಡಿಯದ ವೀಣೆಯೇ ರಾಜನ ಹೃದಯವನ್ನು ಕಲಕಲು ಸಾಕಾಯಿತು. ಕುರುಹಿನ ಶಕ್ತಿಯು ಎಷ್ಟು ಪ್ರಬಲವೆಂಬುದಕ್ಕೂ ಆ ಶಕ್ತಿಯು ಗಾನದ ಶಕ್ತಿಯಿಂದ ಭಿನ್ನವೆಂಬುದಕ್ಕೂ ಈ ಒಂದು ದೃಶ್ಯವೇ ಪ್ರಮಾಣ.

ಅಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಂತಹ ವಸ್ತುವು ಉದ್ದೀಪನವಿಭಾವ, ಆಲಂಬನವಿಭಾವವಲ್ಲ. ಅದು ಹೃದಯದಲ್ಲಿ ಮೊದಲೇ ಇರುವ ಭಾವವನ್ನು ಉರಿಸುತ್ತದೆ. ಇಲ್ಲದ ಭಾವವನ್ನು ಹುಟ್ಟಿಸಲಾರದು. ವಾಸವದತ್ತೆಯನ್ನು ಅರಿಯದ ಒಬ್ಬನಿಗೆ ಘೋಷವತಿಯು ಧೂಳು ಹಿಡಿದ ಒಂದು ವೀಣೆಯಷ್ಟೇ. ಗಾಯಕನ ಭಾವಚಿತ್ರ, ಅವನು ಹೊದೆದ ಶಾಲು, ಮೀಟಿದ ತಂಬೂರಿ, ಹಸ್ತಾಕ್ಷರ, ವಾಸಿಸಿದ ಮನೆ ಇವೆಲ್ಲವೂ ಈ ವರ್ಗಕ್ಕೆ ಸೇರತಕ್ಕವು. ಇವುಗಳ ಆದರವು ತಪ್ಪಲ್ಲ. ಆದರೆ ಇವುಗಳಿಂದ ಉದಿಸುವ ಸ್ಮೃತಿಯನ್ನು ರಸವೆಂದು ಕರೆಯುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಭರತನು ಸ್ಮೃತಿಯನ್ನು ವ್ಯಭಿಚಾರಿಭಾವಗಳ ಗಣದಲ್ಲಿ ಸೇರಿಸಿರುವನಲ್ಲದೆ ಸ್ಥಾಯಿಯ ಪದವಿಗೆ ಏರಿಸಿಲ್ಲ.

ಹಾಗಾದರೆ ಪ್ಲೇಟು ಯಾವ ವರ್ಗಕ್ಕೆ ಸೇರುತ್ತದೆ? ಇದೇ ಪ್ರಶ್ನೆಯ ಗ್ರಂಥಿ. 'ಹಿಸ್ ಮಾಸ್ಟರ್ಸ್ ವಾಯ್ಸ್' ಎಂಬ ಮುದ್ರೆಯ ತಟ್ಟೆಗಳ ನಡುವೆ ಅಂಟಿಸಿದ ಚಿತ್ರವನ್ನು ಅರಿಯದವರಿಲ್ಲ. ನಾಯಿಯೊಂದು ಗ್ರಾಮಫೋನಿನ ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತಿದೆ. ಯಜಮಾನನ ಧ್ವನಿಯನ್ನು ಅದು ಗುರುತಿಸಿತೆಂಬುದೇ ಚಿತ್ರದ ತಾತ್ಪರ್ಯ. ನಾಯಿಗೆ ಉಂಟಾದುದು ಪ್ರತ್ಯಭಿಜ್ಞೆ. 'ಇದು ಅವನದೇ' ಎಂಬ ಜ್ಞಾನ. ಯಜಮಾನನು ಹಾಡಿದನೋ ಬೈದನೋ ಎಂಬುದು ಅದಕ್ಕೆ ಅಪ್ರಸ್ತುತ. ವ್ಯಾಪಾರಿಗಳು ಅರಿತೋ ಅರಿಯದೆಯೋ ತಮ್ಮ ಸರಕಿನ ಮೇಲೆ ಶ್ರೋತೃವಿನ ಅತ್ಯಂತ ಕೆಳಗಿನ ಅಧಿಕಾರವನ್ನು ಚಿತ್ರಿಸಿದರು. 'ಇದು ಖಾನಸಾಹೇಬರ ಧ್ವನಿ', 'ಇದು ಭೀಮಸೇನರ ಧ್ವನಿ' ಎಂಬಲ್ಲಿಗೆ ನಿಲ್ಲುವ ಅಭಿಮಾನಿಯು ಆ ಚಿತ್ರದ ಪ್ರಾಣಿಗಿಂತ ಮುಂದೆ ಹೋದಂತಾಗಲಿಲ್ಲ. ಆ ಧ್ವನಿಯು ಯಾವ ಸ್ವರದ ಮೇಲೆ ನಿಂತಿತು, ಏಕೆ ನಿಂತಿತು, ನಿಂತುದರಿಂದ ರಾಗದ ಯಾವ ಮುಖವು ತೆರೆಯಿತು ಎಂದು ವಿಚಾರಿಸತೊಡಗಿದಾಗ ಮಾತ್ರ ಅಭಿಜ್ಞಾನವು ಆಸ್ವಾದವಾಗುತ್ತದೆ. ಆದುದರಿಂದ ಪ್ಲೇಟು ಕುರುಹೂ ಅಹುದು, ಕೃತಿಯೂ ಅಹುದು. ಅದನ್ನು ಯಾವುದನ್ನಾಗಿ ಮಾಡಿಕೊಳ್ಳಬೇಕೆಂಬುದು ಕೇಳುವವನ ಅಧಿಕಾರಕ್ಕೆ ಸೇರಿದ್ದು.

೩

ಈ ಸಮಸ್ಯೆಯು ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ಅಮೇರಿಕದ ದಕ್ಷಿಣ ಪ್ರಾಂತಗಳಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದ ಆಫ್ರಿಕ ಮೂಲದ ಜನರ ನಡುವೆ ಹುಟ್ಟಿದ 'ಬ್ಲೂಸ್' ಎಂಬ ಶೋಕಪ್ರಧಾನವಾದ ಗಾನಪ್ರಕಾರದ ಚರಿತ್ರೆಯನ್ನು ಇದರೊಡನೆ ಹೋಲಿಸಿ ನೋಡಿದರೆ ವಿಷಯವು ವಿಶದವಾಗುತ್ತದೆ. ಎರಡು ಸೀಮೆಗಳಿಗೂ ವಸ್ತುತಃ ಸಂಬಂಧವೂ ಉಂಟು. ೧೯ನೆಯ ಶತಮಾನದಲ್ಲಿ ಧಾರವಾಡದ ಎರೆಭೂಮಿಗೆ ನ್ಯೂ ಆರ್ಲಿಯನ್ಸಿನ ಹತ್ತಿಯ ಬೀಜವು ಬಂದು 'ಧಾರವಾಡ ಅಮೇರಿಕನ್' ಎಂಬ ತಳಿಯಾಗಿ ನೆಲೆಸಿತು. ೨೦ನೆಯ ಶತಮಾನದಲ್ಲಿ, ಮುತ್ತುಗ, ಕುಸುಮ ಮೊದಲಾದ ಮರಗಳ ಮೇಲೆ ಕೀಟಗಳು ಕಟ್ಟುವ ಭಾರತದ ಅರಗು ಅಲ್ಲಿಗೆ ಹೋಗಿ ಗಾನದ ತಟ್ಟೆಗಳಾಯಿತು. ಪಾಂಡವರ ಪಾಲಿಗೆ ಮೃತ್ಯುಗೃಹವಾಗಬೇಕಿದ್ದ ಅರಗು ಎರಡು ಖಂಡಗಳ ಗಾಯಕರ ಪಾಲಿಗೆ ಆಶ್ರಯಗೃಹವಾಯಿತು.

೧೯೨೦ರಲ್ಲಿ ಮೇಮೀ ಸ್ಮಿತ್ ಎಂಬಾಕೆಯ ಪ್ಲೇಟು ಅಪಾರವಾಗಿ ಮಾರಾಟವಾದ ಮೇಲೆ ಅಲ್ಲಿಯ ವ್ಯಾಪಾರಿಗಳು ಆ ಗಾನವನ್ನು ಹುಡುಕಿಕೊಂಡು ಹೋದರು. ಪ್ಯಾರಮೌಂಟ್ ಎಂಬ ಮುದ್ರೆಯನ್ನು ನಡೆಸಿದುದು ಕುರ್ಚಿಗಳನ್ನು ತಯಾರಿಸುವ ಒಂದು ಸಂಸ್ಥೆ. ಗ್ರಾಮಫೋನಿನ ಮರದ ಪೆಟ್ಟಿಗೆಗಳನ್ನು ಮಾರುವುದಕ್ಕೆ ಪ್ಲೇಟುಗಳು ಸಹಾಯಕವಾದುವು! ಆ ಪ್ಲೇಟುಗಳ ಮೂಲ ಲೋಹದಚ್ಚುಗಳು ಬಹುಮಟ್ಟಿಗೆ ಗುಜರಿಯ ಪಾಲಾದುವು. ಮುಂದಿನ ತಲೆಮಾರಿನ ಸಂಗ್ರಾಹಕರು ಮನೆಮನೆಗೆ ಹೋಗಿ ಸವೆದ ಪ್ಲೇಟುಗಳನ್ನು ಕೊಂಡು ತರದಿದ್ದರೆ ಅನೇಕ ಗಾಯಕರ ಹೆಸರು ಕೂಡ ಉಳಿಯುತ್ತಿರಲಿಲ್ಲ. ಇದು ಅಭಿಮಾನದ ಉತ್ತಮ ಮುಖ.

ಇನ್ನೊಂದು ಮುಖವೂ ಇದೆ. ರಾಬರ್ಟ್ ಜಾನ್ಸನ್ ಎಂಬ ಗಾಯಕನು ೧೯೩೬-೩೭ರಲ್ಲಿ ಕೇವಲ ೨೯ ಗೀತೆಗಳನ್ನು ಮುದ್ರಿಸಿ ೧೯೩೮ರಲ್ಲಿ ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಇಂದು ಅವನಿಗೆ ಮಿಸಿಸಿಪಿ ಪ್ರಾಂತದಲ್ಲಿ ಮೂರು ಕಡೆ ಸಮಾಧಿಶಿಲೆಗಳಿವೆ. ಅವನ ಮುಖವನ್ನು ಅಚ್ಚೊತ್ತಿದ ಅಂಗಿ, ಬಟ್ಟಲು, ಗೋಡೆಚಿತ್ರಗಳು ಉಡುಗೊರೆಯ ಸರಕಾಗಿ ಮಾರಾಟವಾಗುತ್ತಿವೆ. ಬೆಸ್ಸಿ ಸ್ಮಿತ್ ಎಂಬ ಮಹಾಗಾಯಕಿಯ ಸ್ಥಿತಿ ಇದಕ್ಕೆ ವಿಪರೀತ. ೧೯೨೩ರಿಂದ ಆಕೆಯ ಪ್ಲೇಟುಗಳು ಅಸಂಖ್ಯವಾಗಿ ಮಾರಾಟವಾಗಿದ್ದರೂ, ೧೯೩೭ರ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡ ಮೇಲೆ ೧೯೭೦ರವರೆಗೆ ಆಕೆಯ ಸಮಾಧಿಯ ಮೇಲೆ ಹೆಸರಿನ ಕಲ್ಲೊಂದಿರಲಿಲ್ಲ. ಒಬ್ಬನಿಗೆ ಒಂದು ದೇಹಕ್ಕೆ ಮೂರು ಕಲ್ಲು. ಮತ್ತೊಬ್ಬಳಿಗೆ ಮೂವತ್ತಮೂರು ವರ್ಷ ಕಲ್ಲೇ ಇಲ್ಲ. ಕುರುಹುಗಳ ಸಂಖ್ಯೆಗೂ ಕೃತಿಯ ಯೋಗ್ಯತೆಗೂ ನಿಯತವಾದ ಸಂಬಂಧವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

೪

ಬೆಸ್ಸಿ ಸ್ಮಿತ್ ತೀರಿಕೊಂಡ ಮರುತಿಂಗಳಲ್ಲಿಯೇ, ಎಂದರೆ ೧೯೩೭ರ ಅಕ್ಟೋಬರಿನಲ್ಲಿ, ಪುದುಚ್ಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲು ನಿಲ್ದಾಣದಲ್ಲಿ ಅಬ್ದುಲ್ ಕರೀಂ ಖಾನರು ದೇಹವನ್ನು ಬಿಟ್ಟರು. ಮಿರಜಿನ ಮೀರಾಸಾಹೇಬರ ದರ್ಗಾದಲ್ಲಿ ಅವರ ಸಮಾಧಿಯಿದೆ. ಅಲ್ಲಿ ಅವರ ಸ್ಮರಣೆಗಾಗಿ ಗಾಯಕರು ವರ್ಷವರ್ಷವೂ ಹಾಡುತ್ತಾರೆ. ಕಿರಾನಾ ಘರಾಣೆಯು ಧಾರವಾಡ ಸೀಮೆಯಲ್ಲಿ ಬೇರೂರಿದುದು ಖಾನರಿಂದ, ಅವರ ಶಿಷ್ಯರಾದ ಸವಾಯಿ ಗಂಧರ್ವರಿಂದ. ಈ ಘರಾಣೆಯ ಜೀವಾಳವು ಸ್ವರಸ್ವರವಾಗಿ, ವಿಲಂಬದಲ್ಲಿ, ರಾಗವನ್ನು ಬೆಳೆಸುವ ಕ್ರಮದಲ್ಲಿದೆ. ಹತ್ತು ಅಂಗುಲದ ಪ್ಲೇಟಿನಲ್ಲಿಯಾದರೋ ಮೂರು ನಿಮಿಷಕ್ಕಿಂತ ಕೊಂಚ ಹೆಚ್ಚು ಕಾಲ ಮಾತ್ರ ಅವಕಾಶ. ಗಂಟೆಗಟ್ಟಲೆ ಹರಿಯಬೇಕಾದ ನದಿಯನ್ನು ಗಿಂಡಿಯಲ್ಲಿ ಹಿಡಿಯುವುದೆಂತು?

ಖಾನರ ಝಿಂಝೋಟಿ ರಾಗದ ಪ್ರಸಿದ್ಧ ಠುಮರಿಯ ಪ್ಲೇಟನ್ನು ಸಾವಧಾನವಾಗಿ ಕೇಳಿದವರಿಗೆ ಇದಕ್ಕೆ ಉತ್ತರ ದೊರೆಯುತ್ತದೆ. ಅಲ್ಲಿ ಅವರು ಅವಕಾಶದ ಅಲ್ಪತೆಗೆ ಹೆದರಿ ಅವಸರಪಟ್ಟಿಲ್ಲ. ದೀರ್ಘವಾದ ಒಂದೊಂದು ಸ್ವರದ ಮೇಲೆ ನಿಂತು, ಮಾತಿನ ಅರ್ಥವನ್ನು ಸ್ವರದ ಕಂಪನಕ್ಕೆ ಒಪ್ಪಿಸಿ, ವಿಸ್ತಾರದ ಬದಲು ವಿಸ್ತಾರದ ಸೂಚನೆಯನ್ನು ಕೊಟ್ಟಿದ್ದಾರೆ. ಆನಂದವರ್ಧನನ ಮತದಂತೆ ಹೇಳುವುದಾದರೆ ಇಲ್ಲಿ ವಾಚ್ಯವು ಅಲ್ಪ, ವ್ಯಂಗ್ಯವು ಅನಲ್ಪ. ಭಾಷ್ಯವನ್ನು ಸೂತ್ರವಾಗಿ ಬರೆಯಬಲ್ಲ ಸಾಮರ್ಥ್ಯವಿದು. ಅದೇ ಖಾನರು ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನೂ ಪ್ಲೇಟಿಗೆ ಹಾಡಿರುವುದು, ಮೈಸೂರಿನ ಆಸ್ಥಾನದ ಸಂಪರ್ಕದಿಂದ ಅವರಿಗೆ ದಾಕ್ಷಿಣಾತ್ಯ ಪದ್ಧತಿಯಲ್ಲಿ ಉಂಟಾದ ಆದರಕ್ಕೆ ಪ್ರತ್ಯಕ್ಷ ಸಾಕ್ಷಿ. ಪ್ಲೇಟು ಉಳಿಯದಿದ್ದರೆ ಇದು ಕೇವಲ ಕರ್ಣಾಕರ್ಣಿಕೆಯಾಗಿ ಉಳಿಯುತ್ತಿತ್ತು.

ಆದರೆ ಸೂತ್ರಕಾರನ ಪ್ರತಿಭೆ ಎಲ್ಲ ಭಾಷ್ಯಕಾರರಲ್ಲಿಯೂ ಇರಬೇಕೆಂದಿಲ್ಲ. ೧೮೮೬ರಲ್ಲಿ ಹುಟ್ಟಿ ೧೯೫೨ರಲ್ಲಿ ಅಸ್ತಮಿಸಿದ ಸವಾಯಿ ಗಂಧರ್ವರ ಕಂಠವು ಸ್ವಭಾವತಃ ಸುಲಭವಾಗಿ ಒದಗತಕ್ಕುದಾಗಿರಲಿಲ್ಲವೆಂದೂ, ಬೈಠಕ್ಕಿನಲ್ಲಿ ಬಹಳ ಹೊತ್ತು ಹಾಡಿದ ಮೇಲೆ ಹದಕ್ಕೆ ಬಂದು ಆಮೇಲೆ ಅಮೃತವನ್ನು ಸುರಿಸುತ್ತಿತ್ತೆಂದೂ ಕೇಳಿದವರು ಬರೆದಿದ್ದಾರೆ. ಇಂತಹ ಗಾಯಕನಿಗೆ ಮೂರು ನಿಮಿಷಗಳ ಪ್ಲೇಟು ಅನ್ಯಾಯವನ್ನೇ ಮಾಡುತ್ತದೆ. ಕಂಠವು ಹದಗೊಳ್ಳುವ ಮೊದಲೇ ಸೂಜಿಯು ತಟ್ಟೆಯ ನಡುವನ್ನು ಮುಟ್ಟಿರುತ್ತದೆ. ಅಲ್ಪಸಂಖ್ಯೆಯಲ್ಲಿ ಉಳಿದಿರುವ ಅವರ ಪ್ಲೇಟುಗಳನ್ನು ಮಾತ್ರ ಕೇಳಿ ಅವರನ್ನು ಅಳೆಯುವ ವಿಮರ್ಶಕನು, ಮಂಗಳಶ್ಲೋಕವನ್ನೋದಿ ಮಹಾಕಾವ್ಯಕ್ಕೆ ಬೆಲೆ ಕಟ್ಟಿದವನಂತಾಗುವನು. ಅವರ ಯೋಗ್ಯತೆಯ ನಿಜವಾದ ಪ್ರಮಾಣವು ಅವರ ಶಿಷ್ಯರ ಕಂಠಗಳಲ್ಲಿದೆ: ಗಂಗೂಬಾಯಿ ಹಾನಗಲ್ಲರಲ್ಲಿ, ಭೀಮಸೇನ ಜೋಶಿಯವರಲ್ಲಿ, ಫಿರೋಜ ದಸ್ತೂರರಲ್ಲಿ.

ಗಂಗೂಬಾಯಿಯವರ ಪ್ಲೇಟುಗಳು ಇನ್ನೊಂದು ಬಗೆಯ ವಿಮರ್ಶೆಯನ್ನು ಬೇಡುತ್ತವೆ. ೧೯೩೦ರ ದಶಕದ ಅವರ ಮೊದಮೊದಲಿನ ಪ್ಲೇಟುಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ, ಹುಬ್ಬಳ್ಳಿಯೆಂಬ ಊರಿನ ಸಹಿತವಾಗಿ ಹೊರಟುವು. ಅವುಗಳಲ್ಲಿ ಕೇಳುವುದು ಎತ್ತರದ ಶ್ರುತಿಯ, ತೆಳುವಾದ, ಚುರುಕಾದ ಸ್ತ್ರೀಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಧ್ವನಿಯು ಗಂಭೀರವಾಗಿ, ಪುರುಷಕಂಠಕ್ಕೆ ಸಮೀಪವಾಗಿ ಮಾರ್ಪಟ್ಟಿತು. ನಾಡು ಗೌರವಿಸಿದುದು ಈ ಎರಡನೆಯ ಧ್ವನಿಯನ್ನು. ಹೀಗಿರಲಾಗಿ ಮೊದಲನೆಯ ಪ್ಲೇಟು ಯಾರ ಕುರುಹು? ಅಭಿಜ್ಞಾನವನ್ನೇ ಗುರಿಯಾಗಿ ಇಟ್ಟುಕೊಂಡ ಅಭಿಮಾನಿಗೆ ಇದು ನಿರಾಶೆಯನ್ನುಂಟುಮಾಡುತ್ತದೆ. 'ಇದು ಅವರದಲ್ಲ' ಎಂದು ಅವನು ಬದಿಗಿಡುವನು. ಕೃತಿಯನ್ನು ನೋಡಬಲ್ಲ ವಿಮರ್ಶಕನಿಗಾದರೋ ಇದೇ ಅಮೂಲ್ಯವಾದ ಸಾಮಗ್ರಿ. ಕಂಠವು ಬದಲಾದರೂ ಸ್ವರಸ್ಥಾನದ ನಿಷ್ಠೆ ಬದಲಾಗಲಿಲ್ಲವೆಂಬುದನ್ನೂ, ದೈವವು ಕಿತ್ತುಕೊಂಡ ಲಾಘವಕ್ಕೆ ಪ್ರತಿಯಾಗಿ ಆಕೆ ಗಾಂಭೀರ್ಯವನ್ನು ಸಾಧನೆಯಿಂದ ಗಳಿಸಿದರೆಂಬುದನ್ನೂ ಈ ಎರಡು ಕಾಲದ ಪ್ಲೇಟುಗಳನ್ನು ಜೊತೆಯಲ್ಲಿಟ್ಟು ಕೇಳಿದಾಗಲೇ ತಿಳಿಯಬಹುದು. ಕವಿಯ ಪೂರ್ವಕೃತಿಯನ್ನೂ ಪ್ರೌಢಕೃತಿಯನ್ನೂ ಹೋಲಿಸುವಂತೆಯೇ ಇದು.

ಇಲ್ಲಿ ಪಾಠಪರಿಷ್ಕರಣದ ಸಮಸ್ಯೆಗಳೂ ತಲೆದೋರುತ್ತವೆ. ಗಾಂಧಾರಿಯನ್ನು ಒಂದು ಕಡೆ, ಗಂಗೂಬಾಯಿಯನ್ನು ಮತ್ತೊಂದು ಕಡೆ ಪಟ್ಟಿಮಾಡಿದರೆ ಒಬ್ಬ ಗಾಯಕಿ ಇಬ್ಬರಾಗುವರು. ಗದುಗಿನ ನಾರಣಪ್ಪನೂ ಕುಮಾರವ್ಯಾಸನೂ ಒಬ್ಬನೇ ಎಂದು ಅರಿಯದ ಗ್ರಂಥಸೂಚಿಯಂತೆ ಅದು ಆಗುತ್ತದೆ. ವೇಗದ ವಿಚಾರವೂ ಹೀಗೆಯೇ. ಪ್ಲೇಟುಗಳು ನಿಮಿಷಕ್ಕೆ ೭೮ ಸುತ್ತು ತಿರುಗಬೇಕೆಂಬುದು ರೂಢಿಯಾದರೂ ಹಳೆಯವು ಎಲ್ಲವೂ ಆ ವೇಗದಲ್ಲಿಯೇ ಮುದ್ರಿತವಾದುವಲ್ಲ. ೭೨ ಸುತ್ತಿನಲ್ಲಿ ಮುದ್ರಿಸಿದುದನ್ನು ೭೮ರಲ್ಲಿ ತಿರುಗಿಸಿದರೆ ಶ್ರುತಿಯು ಅರ್ಧಸ್ವರಕ್ಕಿಂತಲೂ ಮೇಲಕ್ಕೆ ಏರುತ್ತದೆ; ಲಯವೂ ಅಷ್ಟೇ ಪ್ರಮಾಣದಲ್ಲಿ ತೀವ್ರವಾಗುತ್ತದೆ. ವಿಲಂಬವೆಂದು ಹಾಡಿದುದು ಅವಸರವಾಗಿ ಕೇಳಿಸುತ್ತದೆ. ಗಂಭೀರವಾದ ಕಂಠ ತೆಳುವಾಗಿ ಕೇಳಿಸುತ್ತದೆ. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯವನ್ನು ಕವಿಯ ಮೇಲೆ ಹೊರಿಸಬಾರದೆಂಬ ನ್ಯಾಯವನ್ನು ಅರಿತ ವಿದ್ವಾಂಸರು ಯಂತ್ರದ ಸ್ಖಾಲಿತ್ಯವನ್ನು ಗಾಯಕನ ಮೇಲೆ ಹೊರಿಸದಿರುವುದು ಉಚಿತ.

ಮಲ್ಲಿಕಾರ್ಜುನ ಮನಸೂರರ ವಿಷಯದಲ್ಲಿ ಕಾಲಭೇದವು ಶೈಲಿಭೇದವೇ ಆಗಿದೆ. ೧೯೧೦ರಲ್ಲಿ ಜನಿಸಿದ ಅವರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಆಮೇಲೆ ಮಂಜೀಖಾನ್, ಭುರ್ಜೀಖಾನ್ ಅವರಲ್ಲಿ ಜಯಪುರ-ಅತ್ರೌಲಿ ಪದ್ಧತಿಯನ್ನೂ ಅಭ್ಯಸಿಸಿದರು. ತಾರುಣ್ಯದ ಪ್ಲೇಟಿನಲ್ಲಿ ಕಂಠದ ವೇಗವೇ ಮುಂದಾಗಿ ನಿಲ್ಲುತ್ತದೆ. ೧೯೪೮ರಲ್ಲಿ ಅಮೇರಿಕದಲ್ಲಿ ಹೊರಟು ಕ್ರಮೇಣ ಇಲ್ಲಿಗೂ ಬಂದ ದೀರ್ಘಕಾಲದ ತಟ್ಟೆಗಳಲ್ಲಿ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳ ಅವಕಾಶ ದೊರೆತಾಗ, ಜೋಡುರಾಗಗಳ ಬಂಧವೂ ಲಯದೊಡನೆ ಹೆಣೆದುಕೊಂಡ ಸ್ವರಗತಿಯೂ ಕಾಣಿಸಿಕೊಳ್ಳುತ್ತವೆ. ಯಾವ ಮನಸೂರರು ನಿಜವಾದ ಮನಸೂರರು ಎಂಬ ಪ್ರಶ್ನೆ ಇಲ್ಲಿ ಅಸಂಗತ. ಪ್ಲೇಟಿನ ಪ್ರಮಾಣವು ಗಾನದ ರೂಪವನ್ನು ಎಷ್ಟು ಮಟ್ಟಿಗೆ ನಿರ್ಣಯಿಸಿತೆಂಬ ಪ್ರಶ್ನೆಯೇ ಸಂಗತ.

೫

ಈಗ ಪೂರ್ವಪಕ್ಷಗಳೆರಡನ್ನು ವಿಚಾರಿಸಬೇಕು. 'ಗಾನವು ಗುರುಮುಖದಿಂದ ಬರತಕ್ಕ ವಿದ್ಯೆ. ತಟ್ಟೆಯಿಂದ ಬಂದುದು ಶುಕಪಾಠ' ಎಂಬುದು ಮೊದಲನೆಯದು. ಇದಕ್ಕೆ ಈ ಸೀಮೆಯ ಚರಿತ್ರೆಯೇ ಉತ್ತರವನ್ನು ಕೊಡುತ್ತದೆ. ೧೯೨೨ರಲ್ಲಿ ರೋಣದಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಕೇಳಿದ ಖಾನರ ಅದೇ ಝಿಂಝೋಟಿಯ ಪ್ಲೇಟು ಅವರನ್ನು ಮನೆಬಿಟ್ಟು ಗುರುವನ್ನು ಅರಸಿಕೊಂಡು ಹೋಗುವಂತೆ ಮಾಡಿತೆಂಬುದು ಪ್ರಸಿದ್ಧವಾಗಿದೆ. ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆಬಿಟ್ಟ ಆ ಬಾಲಕನು ಹಲವು ಊರುಗಳನ್ನು ಅಲೆದು ಕಡೆಗೆ ಬಂದು ನಿಂತುದು ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯರ ಮನೆಯ ಬಾಗಿಲಲ್ಲಿ. ಪ್ಲೇಟು ಅಲ್ಲಿ ಗುರುವಿನ ಸ್ಥಾನವನ್ನು ಆಕ್ರಮಿಸಲಿಲ್ಲ; ಗುರುವಿನೆಡೆಗೆ ದಾರಿಯನ್ನು ತೋರಿತು. ೧೯೨೪ರಲ್ಲಿ ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರ ಕಥೆ ಇನ್ನೂ ವಿಚಾರಾರ್ಹ. ಬಾಲ್ಯದಲ್ಲಿ ಅವರು ಹಿರಿಯ ಗಾಯಕರ ಪ್ಲೇಟುಗಳನ್ನು ಯಥಾವತ್ತಾಗಿ ಅನುಕರಿಸಿ ಸಭೆಗಳನ್ನು ಬೆರಗುಗೊಳಿಸಿದರು. ಶುಕಪಾಠವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಆದರೆ ಪ್ರೌಢರಾದ ಮೇಲೆ ಯಾವ ಘರಾಣೆಯ ಅನುಕರಣಕ್ಕೂ ಒಳಪಡದ, ಮಾಳವದ ಜನಪದಗೀತೆಗಳಿಂದಲೂ ಬೀಜವನ್ನು ಪಡೆದ ಸ್ವತಂತ್ರ ಮಾರ್ಗವನ್ನು ನಿರ್ಮಿಸಿದವರೂ ಅವರೇ. ಎಲ್ಲರ ಧ್ವನಿಯನ್ನೂ ಹೊರಗಿನಿಂದ ಅರಿತವನಿಗೆ ಮಾತ್ರ ಯಾರ ಧ್ವನಿಯೂ ತನ್ನದಲ್ಲವೆಂಬ ಜ್ಞಾನ ಉದಿಸೀತು. ಶುಕಪಾಠವು ದೋಷವಾಗುವುದು ಅಲ್ಲಿಯೇ ನಿಂತಾಗ. ಮುಂದುವರಿದಾಗ ಅದೇ ವ್ಯುತ್ಪತ್ತಿ.

'ಕುರುಹುಗಳನ್ನು ಕೊಳ್ಳುವುದರಿಂದ ಯಾರಿಗೂ ಹಾನಿಯಿಲ್ಲ; ಪ್ರೀತಿಯ ವಿಷಯದಲ್ಲಿ ಪಂಡಿತರಿಗೇನು ಕೆಲಸ?' ಎಂಬುದು ಎರಡನೆಯ ಪೂರ್ವಪಕ್ಷ. ಪ್ರೀತಿಗೆ ಆಕ್ಷೇಪಣೆಯಿಲ್ಲ. ಬೆಸ್ಸಿ ಸ್ಮಿತ್ತಳ ಸಮಾಧಿಗೆ ಕಡೆಗೆ ಕಲ್ಲನ್ನು ಹಾಕಿಸಿದುದೂ ಪ್ರೀತಿಯೇ, ಅದು ಋಣಪರಿಹಾರ. ಧಾರವಾಡದಲ್ಲಿ ಮನಸೂರರ 'ಮೃತ್ಯುಂಜಯ'ವೂ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿಯವರ ಜನ್ಮಗೃಹವೂ ಸ್ಮಾರಕಗಳಾದುದು ಶ್ಲಾಘ್ಯ. ಆದರೆ ಆದರಕ್ಕೂ ದ್ರವ್ಯಕ್ಕೂ ಮಿತಿಯುಂಟು. ಹೆಸರಿನ ಫಲಕಕ್ಕೆ ಸಂದ ಹಣವು ಪ್ಲೇಟಿನ ರಕ್ಷಣೆಗೆ ಸಲ್ಲದೆ ಹೋದಾಗ, ಭಾವಚಿತ್ರಕ್ಕೆ ಹಾರ ಹಾಕುವ ಮನೆಯಲ್ಲಿಯೇ ಅದೇ ಗಾಯಕನ ಪ್ಲೇಟುಗಳು ಅಟ್ಟದ ಮೇಲೆ ಬಿಸಿಲಿಗೆ ಬಾಗಿ ಗುಜರಿಯವನ ತಕ್ಕಡಿಗೆ ಏರಿದಾಗ, ಉದ್ದೀಪನವು ಆಲಂಬನವನ್ನೇ ನುಂಗಿತೆಂದು ಹೇಳಬೇಕಾಗುತ್ತದೆ. ಅರಗಿನ ತಟ್ಟೆಯು ಬಿದ್ದರೆ ಒಡೆಯುವುದು, ಬಿಸಿಲಿಗೆ ಬಾಗುವುದು, ಲೋಹದ ಸೂಜಿಯು ಪ್ರತಿಯೊಂದು ಸಲ ಹರಿದಾಗಲೂ ಸವೆಯುವುದು. ಹಾರದ ಹೂವನ್ನು ನಾಳೆ ಮತ್ತೆ ತರಬಹುದು. ಒಡೆದ ಏಕಮಾತ್ರಪ್ರತಿಯನ್ನು ತರುವುದು ಯಾರಿಗೂ ಸಾಧ್ಯವಿಲ್ಲ.

ಉಡುಗೊರೆಯ ಆದರ್ಶವು ಯಾವುದೆಂಬುದಕ್ಕೆ ಈ ಸೀಮೆಯಲ್ಲಿಯೇ ಸಾವಿರ ವರ್ಷಗಳ ಹಿಂದಿನ ನಿದರ್ಶನವೊಂದುಂಟು. ಗದಗಿನ ಬಳಿಯ ಲಕ್ಕುಂಡಿಯಲ್ಲಿ ೧೦೦೭ರ ಶಾಸನದಲ್ಲಿ ಕೀರ್ತಿತಳಾದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ವಿಷಯ. ಆಕೆ ಪೊನ್ನನ ಕಂಠವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಪೂಜಿಸಲಿಲ್ಲ. ಪೊನ್ನನ ಪ್ರತಿಮೆಗಳನ್ನು ಮಾಡಿಸಿ ಹಂಚಲಿಲ್ಲ. ಕವಿಯ ಕೃತಿಯನ್ನೇ ಸಾವಿರವಾಗಿಸಿ ಓದಬಲ್ಲವರ ಕೈಗೆ ಕೊಟ್ಟಳು. ಒಂದು ಮೂಲವನ್ನು ಅನೇಕವಾಗಿಸುವ ಗ್ರಾಮಫೋನಿನ ಧರ್ಮವನ್ನು ಯಂತ್ರವಿಲ್ಲದ ಕಾಲದಲ್ಲಿ ಆಕೆ ಲೇಖನಿಯಿಂದ ಆಚರಿಸಿದಳು. ಅಭಿಮಾನಿಯ ಕೊಡುಗೆಗೆ ಇದಕ್ಕಿಂತ ಶ್ರೇಷ್ಠವಾದ ಮಾದರಿಯನ್ನು ಕಲ್ಪಿಸುವುದು ಕಷ್ಟ. ಗಾಯಕನ ಮುಖವಿರುವ ಬಟ್ಟಲನ್ನು ಮಿತ್ರನಿಗೆ ಕೊಟ್ಟವನು ತನ್ನ ಪ್ರೀತಿಯನ್ನು ಕೊಡುತ್ತಾನೆ. ಗಾಯಕನ ಗಾನವನ್ನೂ ಅದನ್ನು ಕೇಳುವ ಕ್ರಮವನ್ನೂ ಕೊಟ್ಟವನು ಆ ಪ್ರೀತಿಗೆ ಕಾರಣವಾದುದನ್ನೇ ಕೊಡುತ್ತಾನೆ.

೬

ಈ ವಿಚಾರದಿಂದ ಕೆಲವು ಕರ್ತವ್ಯಗಳು ನಿಷ್ಪನ್ನವಾಗುತ್ತವೆ. ಇಂದು ಹಳೆಯ ಪ್ಲೇಟುಗಳ ಧ್ವನಿಯನ್ನು ಸಂಖ್ಯಾರೂಪಕ್ಕೆ ಪರಿವರ್ತಿಸಿ ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೂ ಕೇಳುವ ಅನುಕೂಲತೆ ಉಂಟಾಗಿದೆ. ಮೇಡ್ಲೇರಿಯ ವಿದ್ಯಾರ್ಥಿಗೂ ಧಾರವಾಡದ ವಿದ್ಯಾರ್ಥಿಗೂ ಶ್ರವಣದಲ್ಲಿ ಹಿಂದಿದ್ದ ಅಂತರವು ಈಗ ಇರಬೇಕಾಗಿಲ್ಲ. ಆದರೆ ಹೀಗೆ ಹರಡುವ ಧ್ವನಿಗಳಲ್ಲಿ ಬಹುಭಾಗಕ್ಕೆ ಪುಷ್ಪಿಕೆಯೇ ಇಲ್ಲ. ತಟ್ಟೆಯ ನಡುವಿನ ಚೀಟಿಯಲ್ಲಿದ್ದ ಹೆಸರು, ಅರಗಿನಲ್ಲಿ ಕೊರೆದಿದ್ದ ಅಚ್ಚಿನ ಸಂಖ್ಯೆ, ಮುದ್ರಿಸಿದ ಕಾಲ, ತಿರುಗಿಸಿದ ವೇಗ ಇವೆಲ್ಲ ಪರಿವರ್ತನೆಯಲ್ಲಿ ಉದುರಿಹೋಗಿ ಗಾನವು ಅನಾಥವಾಗಿ ಅಲೆಯುತ್ತದೆ. ಕರ್ತೃವೂ ಕಾಲವೂ ತಿಳಿಯದ ಓಲೆಗರಿಯೊಂದು ದೊರೆತರೆ 'ಇದು ಎಲ್ಲಿಂದ ಬಂತು?' ಎಂದು ಕೇಳದೆ ಅಚ್ಚುಹಾಕುವ ಸಂಪಾದಕನನ್ನು ಪಂಡಿತಮಂಡಲಿಯು ಕ್ಷಮಿಸುವುದಿಲ್ಲ. ಅದೇ ನಿಷ್ಠುರತೆಯನ್ನು ಗಾನದ ವಿಷಯದಲ್ಲಿಯೂ ತೋರಬೇಕಾದ ಕಾಲ ಒದಗಿದೆ.

ಮೊದಲನೆಯದಾಗಿ, ಕನ್ನಡನಾಡಿನ ಗಾಯಕರ ಪ್ಲೇಟುಗಳ ಸೂಚಿಯೊಂದು, ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯ ರೀತಿಯಲ್ಲಿ, ಸಿದ್ಧವಾಗತಕ್ಕದ್ದು. ಅದರಲ್ಲಿ ಗಾಯಕನ ಹೆಸರು ಮತ್ತು ನಾಮಾಂತರ, ರಾಗ, ತಾಳ, ಭಾಷೆ, ಸಂಖ್ಯೆ, ಪ್ರತಿಯ ಸ್ಥಿತಿ ಇವು ದಾಖಲಾಗಬೇಕು. ಎರಡನೆಯದಾಗಿ, ೧೯೫೦ರ ಜನವರಿಯಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿ ಕೇಂದ್ರದಂತಹ ಸಂಸ್ಥೆಗಳ ಧ್ವನಿಭಂಡಾರವನ್ನೂ ಖಾಸಗಿ ಸಂಗ್ರಹಗಳನ್ನೂ ಒಂದಕ್ಕೊಂದು ಹೋಲಿಸಿ ಪಾಠನಿರ್ಣಯ ಮಾಡತಕ್ಕದ್ದು. ಮೂರನೆಯದಾಗಿ, ಸಾಹಿತ್ಯದ ಅಧ್ಯಾಪಕರು ವಚನವನ್ನೋ ದಾಸರ ಪದವನ್ನೋ ಪಾಠಮಾಡುವಾಗ ಅದರ ಮುದ್ರಿತ ಪಾಠದೊಡನೆ ಹಾಡಿದ ಪಾಠವನ್ನೂ ವಿದ್ಯಾರ್ಥಿಗಳಿಗೆ ಕೇಳಿಸಿ, ಗಾಯಕನು ಯಾವ ಶಬ್ದವನ್ನು ಹಿಗ್ಗಿಸಿದನು, ಯಾವುದನ್ನು ಕುಗ್ಗಿಸಿದನು, ಅದರಿಂದ ಅರ್ಥವು ಬೆಳೆಯಿತೇ ಸೊರಗಿತೇ ಎಂದು ವಿಚಾರಮಾಡಿಸತಕ್ಕದ್ದು. ಮನಸೂರರು ವಚನಗಳಿಗೆ ಕೊಟ್ಟ ಗಾನರೂಪವು ಒಂದು ವ್ಯಾಖ್ಯಾನವೇ ಆಗಿದೆ. ಟೀಕೆಯನ್ನು ಓದುವಂತೆ ಅದನ್ನು ಓದಬೇಕು.

ಇನ್ನು ಸಂಗ್ರಾಹಕರ ಧರ್ಮದ ವಿಷಯದಲ್ಲಿ ಒಂದು ಮಾತು. ಅಪೂರ್ವವಾದ ಪ್ಲೇಟುಗಳನ್ನು ಗಳಿಸಿ ಯಾರಿಗೂ ಕೇಳಿಸದೆ ಬೀರುವಿನಲ್ಲಿ ಬೀಗಹಾಕಿ ಇಡುವವರೂ ಇಲ್ಲದಿಲ್ಲ. ಪ್ರತಿಯು ಏಕಮಾತ್ರವಾಗಿ ಉಳಿದಷ್ಟೂ ಬೆಲೆಯು ಹೆಚ್ಚುವುದೆಂಬ ಲೆಕ್ಕ ಅದರಲ್ಲಿ ಅಡಗಿದೆ. ಇದು ಅತ್ತಿಮಬ್ಬೆಯ ಮಾರ್ಗಕ್ಕೆ ನೇರವಾಗಿ ವಿರುದ್ಧ. ನಿಧಿಯ ಮೇಲೆ ಕುಳಿತ ಸರ್ಪಕ್ಕೆ ನಿಧಿಯ ರಕ್ಷಣೆಯ ಪುಣ್ಯವೂ ಇಲ್ಲ, ಭೋಗದ ಸುಖವೂ ಇಲ್ಲ. ಅದೇ ಸಂಗ್ರಾಹಕನು ಧ್ವನಿಯ ಪ್ರತಿಯೊಂದನ್ನು ವಿದ್ಯಾಸಂಸ್ಥೆಗೆ ಒಪ್ಪಿಸಿ ತಟ್ಟೆಯನ್ನು ತನ್ನಲ್ಲಿಯೇ ಇಟ್ಟುಕೊಂಡರೆ ಕುರುಹು ಅವನದಾಗಿಯೂ ಕೃತಿಯು ಲೋಕದ್ದಾಗಿಯೂ ಉಳಿಯುತ್ತವೆ. ಅಭಿಜ್ಞಾನಕ್ಕೂ ಆಸ್ವಾದಕ್ಕೂ ಇರುವ ಭೇದವನ್ನು ಅರಿತವನಿಗೆ ಈ ವಿಭಾಗವು ಕಠಿಣವಾಗಲಾರದು.

ದುಷ್ಯಂತನ ಉಂಗುರವು ಮೀನಿನ ಹೊಟ್ಟೆಯಲ್ಲಿದ್ದಷ್ಟು ಕಾಲ ಯಾರಿಗೂ ಏನನ್ನೂ ತಿಳಿಸಲಿಲ್ಲ. ಬೆಸ್ತನ ಕೈಯಿಂದ ಹೊರಬಂದು ನೋಡಬಲ್ಲವನ ಕಣ್ಣಿಗೆ ಬಿದ್ದಾಗಲೇ ಅದು ಅಭಿಜ್ಞಾನವಾಯಿತು. ಆಗಲೂ ಉಂಗುರವನ್ನು ಪಡೆದು ಅರಸನು ತೃಪ್ತನಾಗಲಿಲ್ಲ. ಉಂಗುರವು ನೆನಪಿಗೆ ತಂದವಳನ್ನು ಕಾಣುವವರೆಗೆ ಅವನಿಗೆ ಶಾಂತಿ ದೊರೆಯಲಿಲ್ಲ. ಧಾರವಾಡ ಸೀಮೆಯ ಅರಗಿನ ತಟ್ಟೆಗಳೂ ಹಾಗೆಯೇ ಹೊರಬರಬೇಕಾಗಿವೆ; ಬಂದ ಮೇಲೆ ತಟ್ಟೆಯಲ್ಲಿಯೇ ದೃಷ್ಟಿಯನ್ನು ನಿಲ್ಲಿಸದೆ ಗಾನದವರೆಗೆ ಹೋಗುವ ಶ್ರೋತೃಗಳೂ ಸಿದ್ಧರಾಗಬೇಕಾಗಿದೆ. ತಟ್ಟೆಗಳನ್ನು ರಕ್ಷಿಸುವ ಕಾರ್ಯವು ಸಂಸ್ಥೆಗಳಿಗೂ, ಶ್ರೋತೃಗಳನ್ನು ಸಿದ್ಧಗೊಳಿಸುವ ಕಾರ್ಯವು ಅಧ್ಯಾಪಕರಿಗೂ ಸೇರಿದುದಾಗಿದೆ.